ಪರದೆಯ ಬಲಗಡೆಯ ಮುದುಕಿ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ, ಡಿಸೆಂಬರ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದೂಕಾಲು ಗಂಟೆಗೆ, ಮುಂಬಯಿಯ ಒಂದು ಪ್ರದರ್ಶನ ಭವನದಲ್ಲಿ, ವಿಡಿಯೋ ಗೇಮ್ ಮೇಳದ ಮುಖ್ಯ ವೇದಿಕೆಯ ಎದುರು ನಿಂತಿದ್ದೆ. ಎಡಗಡೆಯಿಂದ ಮೂರನೆಯ ಕಂಬ; ನನ್ನ ಎಡಗೈ ಆ ಕಂಬದ ಮೇಲಿತ್ತು. ನನ್ನ ಬಲಕ್ಕೆ ಸುವರ್ಣಾ, ಅವಳ ಬಲಕ್ಕೆ ಅವಳ ಗಂಡ ಮಲ್ಲಪ್ಪ. ಮಲ್ಲಪ್ಪ ಟಿಕೋಟಾದವನು, ನನ್ನ ಕಾಲೇಜಿನ ಗೆಳೆಯ. ಇಷ್ಟು ನಿಖರವಾಗಿ ಹೇಳುವುದಕ್ಕೆ ಕಾರಣವಿದೆ. ಆ ಹೊತ್ತಿನ ಬಗ್ಗೆ ನಾನು ಹಿಂದೊಮ್ಮೆ ಟಿಕೋಟಾದಲ್ಲಿ ಇಪ್ಪತ್ತು ಜನರ ಎದುರು ಸಾಕ್ಷಿ ಹೇಳಿದ್ದೆ. ಹೇಳಿದ್ದು ತಪ್ಪು. ನನ್ನ ಆ ಒಂದು ಮಾತಿನಿಂದ ಮಲ್ಲಪ್ಪ ಊರವರ ಕಣ್ಣಿನಲ್ಲಿ ಸುಳ್ಳುಗಾರನಾದ.

ಹೋದ ತಿಂಗಳು ವಿಜಯಪುರದ ಸ್ಟೇಷನ್ ರಸ್ತೆಯ ನನ್ನ ಅಂಗಡಿಯಲ್ಲಿ ಯಾರದೋ ಫೋನಿನ ಒಡೆದ ಗಾಜು ಬಿಡಿಸುತ್ತ ಕುಳಿತಿದ್ದೆ. ಗಾಜಿನ ಕೆಳಗಿನ ಅಂಟು ಸಡಿಲಾಗಬೇಕಾದರೆ ಬಿಸಿ ಕೊಡಬೇಕು. ಬಿಸಿ ಕೊಟ್ಟರೆ ಒಂದು ಬಗೆಯ ಕಮಟು ವಾಸನೆ ಬರುತ್ತದೆ. ಈ ಅಂಗಡಿ ಗೇಮ್ ಪಾರ್ಲರ್ ಆಗಿದ್ದಾಗ ದಿನವಿಡೀ ಉರಿದ ಯಂತ್ರಗಳ ಬೆನ್ನಿಂದ ಬರುತ್ತಿದ್ದದ್ದು ಇದೇ ವಾಸನೆ. ಬಿಸಿ ತಾಗುವವರೆಗೆ ನನ್ನ ಫೋನು ನೋಡೋಣವೆಂದು ತೆಗೆದೆ. ಮುಂಬಯಿಯ ಆ ಮೇಳ ಇನ್ನು ಮುಂದೆ ನಡೆಯುವುದಿಲ್ಲ ಎಂದು ಸುದ್ದಿ ಬಂದಿತ್ತು. ಕೆಳಗೆ ಹಿಂದೆ ಹೋಗಿಬಂದವರೆಲ್ಲ ತಮ್ಮ ಹಳೆಯ ಫೋಟೋ, ವೀಡಿಯೋ ಹಾಕಿದ್ದರು. ಒಂದನ್ನು ಒತ್ತಿದೆ. ಅದರಲ್ಲಿ ನಾನೇ ಇದ್ದೆ. ಉಳಿದದ್ದನ್ನು ಸರದಿಯಲ್ಲಿ ಹೇಳುತ್ತೇನೆ. ನಮ್ಮಪ್ಪ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿಯುತ್ತಿದ್ದವರು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗದೆ ಮೂರನೆಯದಕ್ಕೆ ನೆಗೆಯುವುದು ನನ್ನಿಂದಲೂ ಆಗುವುದಿಲ್ಲ. ಮದುವೆಯ ಮನೆಗೆ ಹೋದರೂ ಚಪ್ಪರದ ಉದ್ದವನ್ನು ಹೆಜ್ಜೆ ಹಾಕಿ ಎಣಿಸಿ ಬರುವವನು ನಾನು. ಹೆಂಡತಿ ಈಗ ಬೈಯುವುದನ್ನು ಬಿಟ್ಟಿದ್ದಾಳೆ.

ಆಗ ನನ್ನದು ವಿಜಯಪುರದಲ್ಲಿ ಒಂದು ಪಾರ್ಲರ್, ಮಲ್ಲಪ್ಪನದು ಟಿಕೋಟಾದಲ್ಲಿ ಒಂದು. ಮೇಳಕ್ಕೆ ಮೊದಲ ಸಲ ಹೋದದ್ದು ಹೊಸ ಯಂತ್ರ ನೋಡುವ ನೆಪದಿಂದ. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ಮುಂಬಯಿಯಲ್ಲಿ ಇಳಿದು, ಭವನ ಮುಟ್ಟಿದಾಗ ಸರದಿಯ ಸಾಲು ಮೆಟ್ಟಿಲು ಇಳಿದು, ಗೇಟು ದಾಟಿ, ರಸ್ತೆಯ ತಿರುವಿನವರೆಗೆ ಇತ್ತು. ಒಳಗೆ ಎರಡು ಮಾಳಿಗೆ ಎತ್ತರದ ಸೈನಿಕನ ಗೊಂಬೆ. ಆ ಗೊಂಬೆಯ ಬೂಟಿನ ಪಕ್ಕ ನಿಂತು ಮಲ್ಲಪ್ಪ ನನಗೆ ಹೇಳಿದ್ದು ಇಷ್ಟು: "ಲೇ ದೋಸ್ತ, ಇವನ ಬೂಟಿನ್ಯಾಗ ನಮ್ಮ ಪಾರ್ಲರ್ ಹಿಡಸ್ತೈತಲ್ಲೋ." ಹಿಡಿಸುತ್ತಿತ್ತು. ನಾನು ಹೆಜ್ಜೆ ಹಾಕಿ ನೋಡಿದೆ.

ಮೇಳದ ನಿಜವಾದ ಮಾಲು ಇದ್ದದ್ದು ಕಪ್ಪು ಬಟ್ಟೆ ಕಟ್ಟಿದ ಸಣ್ಣ ಕೋಣೆಗಳಲ್ಲಿ. ಇನ್ನೂ ಬಾರದ ಆಟವೊಂದರ ನಾಲ್ಕು ನಿಮಿಷದ ಚಿತ್ರ ಅಲ್ಲಿ ತೋರಿಸುತ್ತಿದ್ದರು. ಅದನ್ನು ಬೇರೆಲ್ಲೂ ನೋಡುವ ಹಾಗಿರಲಿಲ್ಲ. ಬಾಗಿಲಲ್ಲಿ ಫೋನುಗಳನ್ನು ಚೀಲಕ್ಕೆ ಹಾಕಿ ಬಾಯಿಗೆ ಪಿನ್ನು ಹೊಡೆದು ಕೊಡುತ್ತಿದ್ದರು. ಐದಾರು ತಾಸು ಸಾಲಿನಲ್ಲಿ ನಿಂತು, ನಾಲ್ಕು ನಿಮಿಷ ನೋಡಿ ಹೊರಗೆ ಬಂದರೆ, ಏನು ನೋಡಿದೆವು ಎನ್ನುವುದು ಅರ್ಧ ಮರೆತೇಹೋಗಿರುತ್ತಿತ್ತು. ಪರದೆ ಅಷ್ಟು ದೊಡ್ಡದು, ಅದರ ಮೇಲೆ ಓಡುವುದು ಅಷ್ಟು ಬಹಳ. ಮೊದಲ ವರ್ಷ ವಾಪಸು ಬರುವಾಗ ಗಾಡಿಯಲ್ಲಿ ನಾನೂ ಮಲ್ಲಪ್ಪನೂ ಜಗಳಾಡಿದೆವು. ಅವನು ಕುದುರೆ ಕರಿಯದು ಅಂದ, ನಾನು ಕಂದು ಅಂದೆ.

ಎರಡನೆಯ ವರ್ಷದಿಂದ ಸುವರ್ಣಾ ನಮ್ಮ ಜೊತೆ ಬರತೊಡಗಿದಳು. ಪಾಲು ಹಾಕಿದವಳು ಅವಳೇ. "ನೀವಿಬ್ರೂ ಎಲ್ಲಾನೂ ನೋಡಾಕ ಹೋಗಿ ಏನೂ ನೋಡಂಗಿಲ್ಲ. ಅಣ್ಣಾರ, ನೀವು ಪರದೇದ ಎಡಕ್ಕಷ್ಟ ನೋಡ್ರಿ. ಇವ್ರು ಬಲಕ್ಕ ನೋಡ್ಲಿ. ನಾ ಕಣ್ಣ ಮುಚ್ಚಿ ಸಪ್ಪಳ ಕೇಳ್ತೀನಿ," ಅಂದಳು. ಸುವರ್ಣಾ ಭಜನೆಯಲ್ಲಿ ಹಾಡುವವಳು. ಅವಳ ಕಿವಿಯ ಬಗ್ಗೆ ನಮಗೆ ಸಂಶಯ ಇರಲಿಲ್ಲ. ಆ ವರ್ಷದಿಂದ ಅದೇ ನಮ್ಮ ಪದ್ಧತಿ. ನಾನು ಮೂಗಿನಿಂದ ಒಂದು ಗೆರೆ ಎಳೆದವನಂತೆ ಪರದೆಯ ನಡುವೆ ಗಡಿ ಹಾಕಿಕೊಂಡು, ಬಲಕ್ಕೆ ಸ್ಫೋಟವಾದರೂ ಅತ್ತ ಕಣ್ಣು ಹೊರಳಿಸುತ್ತಿರಲಿಲ್ಲ. ಅಕ್ಕಪಕ್ಕದವರಿಗೆ ನಾವು ಹೇಗೆ ಕಂಡಿರಬೇಕೋ: ಒಬ್ಬನ ಕುತ್ತಿಗೆ ಆ ಕಡೆ, ಇನ್ನೊಬ್ಬನದು ಈ ಕಡೆ, ನಡುವೆ ಸೆರಗು ಹೊದ್ದುಕೊಂಡು ಕಣ್ಣು ಮುಚ್ಚಿ ಕೂತ ಹೆಣ್ಣುಮಗಳು.

ವಾಪಸು ಬರುವಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಗಂಟು ಬಿಚ್ಚಿಕೊಂಡು ಮೂರು ಪಾಲನ್ನು ಜೋಡಿಸುತ್ತಿದ್ದೆವು.

"ಮೊದಲ ಗಾಳಿ. ಆಮ್ಯಾಲ ಕಬ್ಬಿಣ ಎಳದಂಗ," ಎನ್ನುತ್ತಿದ್ದಳು ಸುವರ್ಣಾ.

"ಅದು ಬಾಗಲಾ. ಎಡಕ್ಕ ಒಂದು ಬಾಗಲಾ ತಗೀತು," ಎನ್ನುತ್ತಿದ್ದೆ ನಾನು.

"ಅದಕ್ಕ ಬಲಕ್ಕ ಇದ್ದಾವ್ರೆಲ್ಲಾ ಓಡಿದ್ರು!" ಎಂದು ಮಲ್ಲಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸುತ್ತಿದ್ದ. "ನಾ ಅನ್ನಾಕತ್ತಿದ್ನಿ, ಯಾಕ ಓಡಾಕತ್ತಾರ ಇವ್ರು ಅಂತ."

ಈಗ ಯೋಚಿಸಿದರೆ, ಮೇಳ ನಮಗೆ ರುಚಿಸುತ್ತಿದ್ದದ್ದು ಮೇಳದಲ್ಲಿ ಅಲ್ಲ, ಸೊಲ್ಲಾಪುರದಿಂದ ಈಚೆ, ಇಂಥ ಗಳಿಗೆಯಲ್ಲಿ.

ಜೋಡಿಸಿದ ಮೇಲೆ ಹೇಳುವ ಕೆಲಸ ಮಲ್ಲಪ್ಪನದು. ವಾಪಸು ಬಂದ ಮೇಲಿನ ಭಾನುವಾರ ಮಧ್ಯಾಹ್ನ ಟಿಕೋಟಾದ ಪಾರ್ಲರಿನಲ್ಲಿ ಯಂತ್ರಗಳನ್ನು ಗೋಡೆಗೆ ಸರಿಸಿ ಬೆಂಚು ಹಾಕುತ್ತಿದ್ದರು. ಆಡುವ ಹುಡುಗರಷ್ಟೇ ಅಲ್ಲ, ದ್ರಾಕ್ಷಿ ತೋಟದವರು, ಎದುರಿನ ಹೋಟೆಲಿನವನು, ನಿವೃತ್ತರಾದ ಕಲ್ಲಪ್ಪ ಮಾಸ್ತರರು ಎಲ್ಲ ಬರುತ್ತಿದ್ದರು. ಸುವರ್ಣಾಳ ತಮ್ಮ ಗಂಗಾಧರ ಬಬಲೇಶ್ವರದಿಂದ ಬೈಕಿನಲ್ಲಿ ಬರುತ್ತಿದ್ದ; ಅವನಿಗೆ ಅಲ್ಲಿ ಕಂಪ್ಯೂಟರ್ ಅಂಗಡಿ. ಮಲ್ಲಪ್ಪ ನಿಂತುಕೊಂಡು, ನಾಲ್ಕು ನಿಮಿಷದ್ದನ್ನು ಒಂದು ತಾಸು ಹೇಳುತ್ತಿದ್ದ. ಕುದುರೆಯಾಗುತ್ತಿದ್ದ, ಕೋಟೆಯಾಗುತ್ತಿದ್ದ, ಬೀಳುವ ಗೋಡೆಯಾಗುತ್ತಿದ್ದ. ಮಾಸ್ತರರು ಜೀವಮಾನದಲ್ಲಿ ಒಂದು ಗೇಮ್ ಆಡಿದವರಲ್ಲ. ಆದರೆ ಹೋದ ವರ್ಷದ್ದನ್ನು ಅವರಷ್ಟು ನೆನಪಿಟ್ಟವರಿರಲಿಲ್ಲ. "ಮಲ್ಲಪ್ಪಾ, ಆ ಕುದುರಿ ಸವಾರ ಹಿಮದಾಗ ಸಿಕ್ಕೊಂಡಿದ್ದನಲ್ಲ, ಮನಿ ಮುಟ್ಟಿದನೇನಪಾ?" ಎಂದು ಕೇಳಿ, "ಆಟ ಇನ್ನೂ ಬಂದಿಲ್ರಿ ಮಾಸ್ತರ," ಅಂದರೆ ನಿಜಕ್ಕೂ ಚಿಂತೆ ಮಾಡುತ್ತಿದ್ದರು.

ಎರಡು ಮಾತು ಒಪ್ಪಿಕೊಳ್ಳಬೇಕು. ಒಂದು, ಮಲ್ಲಪ್ಪ ಹೆಚ್ಚು ಸೇರಿಸುತ್ತಿದ್ದ. ನಾನು ಎಡಗಡೆ ನಾಲ್ಕು ಕುದುರೆ ನೋಡಿದ್ದೇನೆ ಅಂದರೆ ಟಿಕೋಟಾ ಮುಟ್ಟುವಷ್ಟರಲ್ಲಿ ಅವು ಹತ್ತು ಆಗಿರುತ್ತಿದ್ದವು. ಎರಡು, ನನಗೆ ಹೊಟ್ಟೆಕಿಚ್ಚಿತ್ತು. ಎಡಗಡೆಯನ್ನೆಲ್ಲ ಕಣ್ಣು ನೋಯಿಸಿಕೊಂಡು ನೋಡಿದವನು ನಾನು. ಅದೂ ಅವನ ಬಾಯಿಂದಲೇ ಹೊರಡುತ್ತಿತ್ತು, ಚಪ್ಪಾಳೆ ಅವನಿಗೆ ಬೀಳುತ್ತಿತ್ತು. ನಾನು ಬೆಂಚಿನ ತುದಿಯಲ್ಲಿ ಕೂತು ಮನಸ್ಸಿನಲ್ಲೇ, ನಾಲ್ಕು, ನಾಲ್ಕು, ಎಂದು ತಿದ್ದುತ್ತಿದ್ದೆ.

ಒಂಬತ್ತು ಸಲ ಹೋದೆವು. ಮೇಳ ಇಳಿಮುಖವಾದದ್ದು ಒಮ್ಮೆಲೇ ಅಲ್ಲ. ಆರನೆಯ ಸಲ ದೊಡ್ಡ ಗೊಂಬೆ ಇರಲಿಲ್ಲ. ಏಳನೆಯ ಸಲ ಹೆಸರುವಾಸಿ ಕಂಪನಿಯೊಂದರ ಜಾಗದಲ್ಲಿ ಫೋನಿನ ಕವರು ಮಾರುವ ಮಳಿಗೆ ಬಂದಿತ್ತು. ಎಂಟನೆಯ ಸಲ ಭವನದ ಹಿಂದಿನ ಮೂರನೇ ಒಂದು ಭಾಗಕ್ಕೆ ನೆಲದಿಂದ ಸೂರಿನವರೆಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಏನೋ ಗುಟ್ಟು ಇರಬೇಕೆಂದು ಮಲ್ಲಪ್ಪ ಬಟ್ಟೆ ಸರಿಸಿ ನೋಡಿದ. ಒಳಗೆ ಮಡಚಿಟ್ಟ ಕುರ್ಚಿಗಳು, ಒಬ್ಬ ಕಸ ಗುಡಿಸುವವ. ಸಾಲು ಇಲ್ಲದ್ದರಿಂದ ನಮ್ಮ ಕಾಲು ನೋಯಲಿಲ್ಲ. ಕಾಲು ನೋಯದೆ ಮೇಳ ನೋಡಿ ಬಂದದ್ದು ಅದೇ ಮೊದಲು, ಮೂವರಿಗೂ ಏನೋ ಕಳಕೊಂಡಂತೆ ಆಗಿತ್ತು. ಫೋನುಗಳನ್ನು ಚೀಲಕ್ಕೆ ಹಾಕುವುದೂ ನಿಂತಿತ್ತು. ಬಚ್ಚಿಡುವಂಥದ್ದು ಅವರ ಬಳಿ ಏನೂ ಉಳಿದಿರಲಿಲ್ಲ. ಕಂಪನಿಗಳು ಹೊಸ ಆಟದ ಚಿತ್ರವನ್ನು ನೇರವಾಗಿ ಮನೆ ಮನೆಯ ಫೋನಿಗೇ ಕಳಿಸತೊಡಗಿದ್ದವು. ಅದನ್ನು ನೋಡುವುದಕ್ಕೆ ಯಾರಾದರೂ ಗಾಡಿ ಏಕೆ ಹತ್ತಬೇಕು? ನಾವು ಹತ್ತಿದೆವು, ರೂಢಿಯಿಂದ. ಇನ್ನೊಂದು ಕಾರಣ, ಮಾಸ್ತರರು ದಸರೆಯಿಂದಲೇ ಕೇಳತೊಡಗುತ್ತಿದ್ದರು.

ಒಂಬತ್ತನೆಯ ಸಲದ್ದೇ ನಾನು ಮೊದಲಿಗೆ ಹೇಳಿದ ಶನಿವಾರ. ಮುಖ್ಯ ವೇದಿಕೆಯ ಮೇಲೆ ಒಂದು ಹೊಸ ಆಟವನ್ನು ತೋರಿಸುವವರಿದ್ದರು. ಪರದೆ ಬಹಳ ಅಗಲ, ಎರಡೂ ತುದಿ ನಮ್ಮ ಕಡೆಗೆ ಬಾಗಿತ್ತು. ಆಮೇಲೆ ಅಳೆದೆ, ನಲವತ್ತೊಂದು ಹೆಜ್ಜೆ. ಅರ್ಧ ತುಂಬಿದ ಭವನ. ದೀಪ ಆರಿತು. ಮರಳಿನ ನಡುವೆ ಒಂದು ಊರು, ಊರಿನ ಹೆಬ್ಬಾಗಿಲಿಗೆ ದಂಡು ಬರುತ್ತಿದೆ. ನಾನು ಎಡಕ್ಕೆ ನೋಡುತ್ತಿದ್ದೆ: ಗೋಡೆ, ಗೋಡೆಯ ಮೇಲೆ ಪಾರಿವಾಳ, ಏಳು. ಸುಮಾರು ಎರಡು ನಿಮಿಷ ಕಳೆದಿರಬೇಕು. ಆಗ ಎಲ್ಲರ ಜೇಬುಗಳಲ್ಲಿ ಒಟ್ಟಿಗೆ ಫೋನು ನಡುಗಿತು. ಅದೇ ಚಿತ್ರ ಆ ನಿಮಿಷದಲ್ಲೇ ಲೋಕಕ್ಕೆಲ್ಲ ಬಿಡುಗಡೆಯಾಗಿತ್ತು. ಮುಂದೆ ಕಂಡದ್ದನ್ನು ನಾನು ಮರೆಯುವುದಿಲ್ಲ. ನಲವತ್ತೊಂದು ಹೆಜ್ಜೆ ಅಗಲದ ಪರದೆಯ ಎದುರು ಸಾವಿರಾರು ತಲೆಗಳು ಒಂದೊಂದಾಗಿ ಕೆಳಗೆ ಬಾಗಿದವು. ಅಂಗೈಯಲ್ಲಿ ಅದೇ ಊರು, ಅದೇ ದಂಡು, ಬೆರಳುದ್ದದ್ದು.

ಬಾಗಿದ ತಲೆಗಳನ್ನು ನೋಡಿದೆ ಎಂದು ಹಲವರಿಗೆ ಹೇಳಿದ್ದೇನೆ. ನನ್ನ ತಲೆಯೂ ಬಾಗಿತು ಎನ್ನುವುದನ್ನು ಹೇಳಿರಲಿಲ್ಲ.

ಹೊರಗೆ ಬಂದಾಗ ಮಲ್ಲಪ್ಪನ ಮುಖ ಅರಳಿತ್ತು. ಗಾಡಿ ಹತ್ತುವವರೆಗೂ ತಡೆಯಲಿಲ್ಲ. "ಆ ಮುದುಕಿ! ಕಡೀಕ ಆ ಮುದುಕಿ! ದಂಡ ಊರಾಗ ಬರಾಕತ್ತೈತಿ, ಎಲ್ಲಾರೂ ಬಾಗ್ಲ ಹಾಕ್ಕೋಳಾಕತ್ತಾರ, ಬಲಕ್ಕ ತುದೀಗೆ ಒಂದು ಮಾಳಿಗಿ ಮ್ಯಾಲ ಈಕಿ ಒಬ್ಬಾಕಿ ದಂಡಿಗೆ ಬೆನ್ನ ತಿರುವಿ ಮೆಣಸಿನಕಾಯಿ ಒಣಾ ಹಾಕಾಕತ್ತಾಳ!"

"ಕೈಬಳಿ ಸಪ್ಪಳ ಕೇಳಿತ್ತು ನನಗ," ಅಂದಳು ಸುವರ್ಣಾ. "ಬಲಗಿವ್ಯಾಗ. ಕಾಜಿನ ಬಳಿ."

ಇಬ್ಬರೂ ನನ್ನ ಪಾಲಿಗಾಗಿ ನನ್ನ ಮುಖ ನೋಡಿದರು. "ಎಡಕ್ಕ ಏನೂ ಇರಲಿಲ್ಲ, ಏಳು ಪಾರಿವಾಳ," ಅಂದೆ.

ಮುಂದಿನ ವಾರದ ಭಾನುವಾರ ಟಿಕೋಟಾದಲ್ಲಿ ಬೆಂಚು ಹಾಕಿದರು. ಜನ ಬಂದರು, ಇಪ್ಪತ್ತರ ಮೇಲಿರಲಿಲ್ಲ. ಬಂದವರಲ್ಲಿ ಬಹಳ ಜನ ಚಿತ್ರವನ್ನು ವಾರದ ಹಿಂದೆಯೇ ಫೋನಿನಲ್ಲಿ ನೋಡಿ ಮುಗಿಸಿದ್ದರು. ಆದರೂ ಮಲ್ಲಪ್ಪ ಹೇಳಿದಾಗ ಕೇಳಿದರು. ಅವನು ಮುದುಕಿಗೆ ಬಂದ, ಬಾಗಿ ಮೆಣಸಿನಕಾಯಿ ಹರವಿದ, ಎಲ್ಲರೂ ನಕ್ಕರು. ಗಂಗಾಧರ ಫೋನು ತೆಗೆದು, ಹಿಂದೆ ಮುಂದೆ ಎಳೆದು, ಎದ್ದು ನಿಂತ.

"ಮಾಮಾ, ಮುದುಕಿ ಎಲ್ಲಿ ಅದಾಳ್ರಿ ಇದರಾಗ? ನಾ ನಾಕು ಸರ್ತಿ ನೋಡೀನಿ."

"ಬಲಕ್ಕ ನೋಡೋ, ತುದೀಗೆ."

"ತುದೀಗೆ ಗ್ವಾಡಿ ಐತಿ. ಪರದೇಶದವ್ರು ಗೇಮಿನ್ಯಾಗ ಮೆಣಸಿನಕಾಯಿ ಒಣಾ ಹಾಕ್ತಾರೇನ್ರಿ? ನಮ್ಮ ಅಕ್ಕನ ಮಾಳಿಗಿ ನೋಡಿ ಬಂದೀರಿ ನೀವು."

ನಗೆ ಈಗ ಬೇರೆ ಬಗೆಯದಾಗಿತ್ತು. ಸುವರ್ಣಾ ಒಳಗಿನ ಬಾಗಿಲಿಂದ, "ಗಂಗ್ಯಾ, ಬಳಿ ಸಪ್ಪಳ ನಾ ಕೇಳೀನಿ," ಅಂದಳು. "ನಿನ್ನ ಕೈಯಾಗಿನ ಬಳೀನ ಕೇಳಿರಬೇಕ ಬೇ," ಎಂದು ಅವನು ಅವಳನ್ನೂ ನಗೆಗೆ ಸೇರಿಸಿದ. ಫೋನು ಕೈಯಿಂದ ಕೈಗೆ ಹೋಯಿತು. ಮಲ್ಲಪ್ಪನಿಗೂ ತೋರಿಸಿದರು. ಅವನು ಎರಡು ಸಲ ನೋಡಿ, "ಇದರಾಗ ಇಲ್ಲ. ಅಲ್ಲೆ ಇತ್ತು," ಅಂದ.

ಆಗ ಮಾಸ್ತರರು ನನ್ನ ಕಡೆ ತಿರುಗಿದರು. "ನೀ ಹೇಳಪಾ. ನೀ ಅಳತಿ ಮನಷ್ಯಾ. ಮುದುಕಿ ಇದ್ಲೋ ಇಲ್ಲೋ?"

ನಾನು ಹೇಳಬೇಕಾಗಿದ್ದದ್ದು ಇಷ್ಟು: ನಾನು ಬಲಗಡೆ ನೋಡುವವನಲ್ಲ, ಆ ಹೊತ್ತಿನಲ್ಲಿ ಎಡಗಡೆಯೂ ನೋಡಿದವನಲ್ಲ. ಅಳತೆಯ ಮನುಷ್ಯ ಅಂದದ್ದು ತಲೆಗೇರಿತೋ, ಒಂಬತ್ತು ವರ್ಷದ ಹತ್ತತ್ತು ಕುದುರೆಗಳು ಒಟ್ಟಿಗೆ ನೆನಪಾದವೋ, ಅಥವಾ ಎಲ್ಲರೂ ಮೊದಲ ಬಾರಿ ನನ್ನ ಬಾಯನ್ನು ನೋಡುತ್ತಿದ್ದದ್ದು ಹಿತವಾಯಿತೋ, ನಿರ್ಧರಿಸಲಾರೆ. "ಇರಲಿಲ್ರಿ," ಅಂದೆ.

ಮಾಸ್ತರರು ಬೆಂಚಿನಿಂದ ಎದ್ದರು. ಆಮೇಲೆ, "ಹಂಗಾರ ಇಷ್ಟ ವರ್ಷದ್ದೂ ಹಿಂಗ ಏನು?" ಅಂದರು. ಯಾರನ್ನು ಕೇಳಿದರು ಎಂದು ತಿಳಿಯಲಿಲ್ಲ. ಕೋಲು ತೆಗೆದುಕೊಂಡು ಹೋದರು.

ಮಲ್ಲಪ್ಪ ಆ ದಿನವೂ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದ. ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ, "ನೀ ಎಡಕ್ಕ ನೋಡಾಂವ. ನಿನಗ ಹೆಂಗ ಗೊತ್ತೋ?" ಅಂದ. ಬೈದದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ. ನಾನು ಒಳಗೆ ಹೋಗಿ, ಅವನು ಕಾಣದ ಆಚೆ ಕಡೆಯ ಕಿಟಕಿಯಲ್ಲಿ ಕೂತೆ.

ಮರುವರ್ಷ ನಾವು ಹೋಗಲಿಲ್ಲ. ಮೇಳವೇ ಒಂದು ದಿನಕ್ಕೆ ಇಳಿದಿತ್ತು. ಮಲ್ಲಪ್ಪ ಯಂತ್ರಗಳನ್ನು ಗುಜರಿಗೆ ಹಾಕಿ ದ್ರಾಕ್ಷಿ ತೋಟಕ್ಕೆ ಬೇಕಾಗುವ ಹನಿ ನೀರಾವರಿಯ ಪೈಪಿನ ಅಂಗಡಿ ಇಟ್ಟ. ನಾನು ಹೋದರೆ ಚಹಾ ತರಿಸುತ್ತಿದ್ದ, ಮಳೆಯ ಬಗ್ಗೆ, ಔಷಧ ಸಿಂಪಡಣೆಯ ಬಗ್ಗೆ ಮಾತಾಡುತ್ತಿದ್ದ. ನೋಡಿದ್ದನ್ನು ಹೇಳುವ ಅವನ ಆ ದನಿ ಮಾತ್ರ ಮತ್ತೆ ಕೇಳಲಿಲ್ಲ.

ಈಗ ಹೋದ ತಿಂಗಳಿನ ವೀಡಿಯೋ. ಆ ಶನಿವಾರ ಯಾರೋ ಭವನದ ಹಿಂಬದಿಯಲ್ಲಿ ಎತ್ತರದ ಜಾಗದಿಂದ ಇಡೀ ಪರದೆ ಕಾಣುವಂತೆ ತೆಗೆದದ್ದು. ಕೆಳಗೆ ಜನರ ಬೆನ್ನು. ಎರಡು ನಿಮಿಷ ಆದ ಮೇಲೆ ತಲೆಗಳು ಬಾಗುತ್ತವೆ, ಅಲ್ಲೊಂದು ಇಲ್ಲೊಂದು ನೀಲಿ ಬೆಳಕು ಹತ್ತುತ್ತದೆ. ಎಡಗಡೆಯಿಂದ ಮೂರನೆಯ ಕಂಬದ ಮೇಲಿದ್ದ ಒಂದು ಕೈ ಕೆಳಗಿಳಿದು ಜೇಬಿಗೆ ಹೋಗುತ್ತದೆ. ಅವನ ಪಕ್ಕ ಸೆರಗು ಹೊದ್ದ ಒಬ್ಬಳು. ಅವಳ ಪಕ್ಕ ಒಬ್ಬನ ತಲೆ ಮಾತ್ರ ಎತ್ತಿದ್ದು ಎತ್ತಿದ ಹಾಗೆಯೇ, ಬಲಕ್ಕೆ ತಿರುಗಿದೆ. ಆ ತಲೆ ತಿರುಗಿದ ಕಡೆ, ಪರದೆಯ ತುತ್ತತುದಿಯಲ್ಲಿ, ಒಂದು ಮಾಳಿಗೆಯ ಮೇಲೆ ಮುದುಕಿಯೊಬ್ಬಳು ದಂಡಿಗೆ ಬೆನ್ನು ತಿರುಗಿಸಿ ಏನನ್ನೋ ಹರವುತ್ತಿದ್ದಾಳೆ. ಮೆಣಸಿನಕಾಯಿಯೇ ಎಂದು ನಾನು ಪ್ರಮಾಣ ಮಾಡಲಾರೆ. ಕೆಂಪಗಿತ್ತು. ಫೋನಿಗೆ ಬಿಟ್ಟ ಚಿತ್ರದಲ್ಲಿ ಎರಡೂ ತುದಿಗಳನ್ನು ಕತ್ತರಿಸಿದ್ದರು, ಅಷ್ಟೆ. ಬಿಸಿ ಹೆಚ್ಚಾಗಿ ನನ್ನ ಮುಂದಿದ್ದ ಗಾಜು ಚಟ್ಟೆಂದು ಬಿರಿದಾಗಲೇ ನಾನು ಬಿಸಿಯ ಯಂತ್ರವನ್ನು ಆರಿಸಿದ್ದು.

ಮರುದಿನ ಭಾನುವಾರ. ಬೆಳಗಿನ ಬಸ್ಸಿಗೆ ಟಿಕೋಟಾಕ್ಕೆ ಹೋದೆ. ಮಲ್ಲಪ್ಪ ಒಬ್ಬ ರೈತನಿಗೆ ಪೈಪು ಅಳೆದು ಕೊಡುತ್ತಿದ್ದ. ಅವನ ಕೈಗೆ ಫೋನು ಕೊಟ್ಟೆ. ಸುವರ್ಣಾ ಕೈ ಒರೆಸಿಕೊಳ್ಳುತ್ತ ಬಂದು ಅವನ ಹೆಗಲ ಹಿಂದೆ ನಿಂತಳು. ಮಲ್ಲಪ್ಪ ಕೊನೆಯವರೆಗೂ ನೋಡಿ, "ಆಕೀನ," ಅಂದ. ಮುದುಕಿ ಊರಿನವಳೇ ಎಂಬಂತೆ.

"ನಾ ಅವತ್ತ ತಪ್ಪ ಹೇಳಿದ್ನಿ," ಅಂದೆ.

"ಹೌದು," ಅಂದ. "ಮುದುಕಿ ಬಂದಾಗ ಎಡಕ್ಕ ಏನಿತ್ತೋ? ಪಾರಿವಾಳದ ಮುಂದ ನೀ ಹೇಳಲೇ ಇಲ್ಲ," ಎಂದು ಕೇಳಿದ.

"ಗೊತ್ತಿಲ್ಲ. ನಾನೂ ಫೋನ ನೋಡಾಕತ್ತಿದ್ನಿ."

ಅವನು ಇದನ್ನು ನಿರೀಕ್ಷಿಸಿರಲಿಲ್ಲ. ಮುದುಕಿಯ ವಿಷಯಕ್ಕಿಂತ ಇದೇ ಅವನನ್ನು ಹೆಚ್ಚು ತಾಗಿತು ಎಂದು ನನಗೆ ಅನ್ನಿಸಿತು. ಮಾತಾಡಿದವಳು ಸುವರ್ಣಾ. "ಅಣ್ಣಾರ, ಮೂರು ವರ್ಷ ಆತು. ಇವ್ರು ಮನ್ಯಾಗ ಮಕ್ಕಳಿಗೂ ಕತಿ ಹೇಳೂದ ಬಿಟ್ರು. ಸಂತಿಗೆ ಹೋಗಿ ಬಂದ್ರ ಸಂತ್ಯಾಗ ಏನ ನೋಡಿದ್ರಿ ಅಂದ್ರ, ನೀನ ಹೋಗಿ ನೋಡು ಅಂತಾರ. ನೀವು ಒಂದ ಮಾತ ಅಂದು ಬಸ್ ಹತ್ತಿದ್ರಿ."

ಗಂಗಾಧರನಿಗೆ ಫೋನು ಮಾಡಿದೆವು. ಮಧ್ಯಾಹ್ನ ಬಬಲೇಶ್ವರದಿಂದ ಬಂದ. ಅವನ ಎದುರು, ಹೋಟೆಲಿನವನ ಎದುರು, ಅಂದು ಬೆಂಚಿನ ಮೇಲಿದ್ದವರಲ್ಲಿ ಸಿಕ್ಕ ಒಂಬತ್ತು ಜನರ ಎದುರು, ನಾನು ಏನು ನೋಡಿರಲಿಲ್ಲ ಎನ್ನುವುದನ್ನು ಹೇಳಿದೆ. ಗಂಗಾಧರ ವೀಡಿಯೋ ನೋಡಿ, "ಮಾಮಾ, ಮೆಣಸಿನಕಾಯೀನ ಅದಾವಲ್ರಿ!" ಅಂದ. ಆಗ ಪೈಪು ಕೊಳ್ಳಲು ಬಂದಿದ್ದ ಇನ್ನೊಬ್ಬ ರೈತ ಏನು ನಡೆದಿದೆ ಎಂದು ತಿಳಿಯದೆ ಇಷ್ಟು ಹೊತ್ತೂ ಹೊರೆ ಹೆಗಲ ಮೇಲಿಟ್ಟುಕೊಂಡು ನಿಂತೇ ಇದ್ದ. "ಯಾವ ಮುದುಕೀರಿ?" ಎಂದು ಕೇಳಿದ. ಮಲ್ಲಪ್ಪ ಅವನ ಮುಖ ನೋಡಿದ. ಅಳತೆಯ ಟೇಪನ್ನು ಮೇಜಿನ ಮೇಲಿಟ್ಟ. "ಮರಳಿನ ನಡುವ ಒಂದು ಊರೈತ್ರಿ," ಎಂದು ಶುರು ಮಾಡಿದ. ಕೆಮ್ಮಿ ಮತ್ತೆ ಶುರು ಮಾಡಿದ. ಗೋಡೆಯ ಮೇಲಿನ ಪಾರಿವಾಳ ಏಳು ಅಂದ. ಏಳೇ ಅಂದ.

ಕಲ್ಲಪ್ಪ ಮಾಸ್ತರರು ಇದನ್ನು ಕೇಳಲಿಲ್ಲ. ಅವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಅವರ ಮನೆಗೆ ಹೋಗಿ ಅವರ ಮಗಳಿಗೆ ಹೇಳಿಬಂದೆ. ಆಕೆ ಎಲ್ಲ ಕೇಳಿಸಿಕೊಂಡು, "ಅಪ್ಪಗ ಹೇಳಬೇಕಿತ್ರಿ," ಅಂದರು.

ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಆ ಶನಿವಾರ ಹನ್ನೊಂದೂಕಾಲಿಗೆ ಆ ಮುದುಕಿ ಪರದೆಯ ಮೇಲಿದ್ದಳು. ನಾನು ಅವಳನ್ನು ನೋಡಲಿಲ್ಲ. ವೀಡಿಯೋ ತೆಗೆದವನು ಎಲ್ಲಿಯವನೋ, ಅವನ ಹೆಸರು ನನಗೆ ತಿಳಿಯದು. ಅವಳ ಸಪ್ಪಳ ಕೇಳಿದವಳು ಸುವರ್ಣಾ. ಅಲ್ಲೇ ನಿಂತು, ತಲೆ ಎತ್ತಿ, ಕಣ್ಣಾರೆ ಕಂಡವನು ಮಲ್ಲಪ್ಪ. ಇಬ್ಬರೂ ಟಿಕೋಟಾದಲ್ಲಿದ್ದಾರೆ. ಯಾರು ಬೇಕಾದರೂ ಹೋಗಿ ಕೇಳಬಹುದು.